ಅಸಲಿನ ಜೊತೆ ತಾಳೆ ನೋಡುವ ಕಥೆ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡೀತಾ ಕಂಪ್ಯೂಟರಿನ ಲಿನಕ್ಸ್ ಅಪ್‌ಗ್ರೇಡ್ ಮಾಡಿದೆ. ಹೊಸದೇನಲ್ಲ, ವರ್ಷಗಳಿಂದ ಮಾಡ್ತಾ ಬಂದಿರೋ ಕೆಲಸ. ಮುಗಿದ ಮೇಲೆ ಏನೋ ಬರೆಯೋಣ ಅಂತ ಕೂತೆ. "ಸಾಫ್ಟ್‌ವೇರ್" ಅಂತ ಕುಟ್ಟಿದರೆ "ಸಾಫ್ಟ್ವೇರ್" ಅಂತ ಒತ್ತಿನ ಕೆಳಗೆ ಒತ್ತು ಜೋತುಬಿದ್ದು ಬಂತು. ಮತ್ತೆ ಕುಟ್ಟಿದೆ. ಮತ್ತೆ ಅದೇ.

ಯೂನಿಕೋಡ್ ಕನ್ನಡದಲ್ಲಿ ಬರೆಯೋ ನಿಮಗೆಲ್ಲ ಈ ಗೋಳು ಗೊತ್ತಿದ್ದದ್ದೇ. ಎರಡು ವ್ಯಂಜನ ಒತ್ತಾಗಿ ಸೇರಬಾರದು ಅಂದ್ರೆ ನಡುವೆ ಒಂದು ಕಾಣದ ಅಕ್ಷರ ಹಾಕಬೇಕು. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ನಾನು 2010ರಲ್ಲೇ ಬಲಗಡೆಯ ಆಲ್ಟ್ ಜೊತೆ ಒಂದು ಕೀಲಿ ಒತ್ತಿದರೆ ಅದು ಬರುವ ಹಾಗೆ ಮಾಡ್ಕೊಂಡಿದ್ದೆ. ಲಿನಕ್ಸಿನಲ್ಲಿ ಭಾರತದ ಭಾಷೆಗಳ ಕೀಲಿಮಣೆ ವಿನ್ಯಾಸಗಳೆಲ್ಲ ಒಂದೇ ಫೈಲಿನಲ್ಲಿ ಇರುತ್ತವೆ. ಫೈಲಿನ ಹೆಸರು ಎರಡೇ ಅಕ್ಷರ, 'ಇನ್' ಅಂತ. ಅದರ ಕನ್ನಡದ ಭಾಗಕ್ಕೆ ಕೈ ಹಾಕಿ ತಿದ್ದಿದ್ದೆ. ಅಪ್‌ಗ್ರೇಡ್ ಆದಾಗ ಆ ಪ್ಯಾಕೇಜಿನ ಹೊಸ ಆವೃತ್ತಿ ಬಂದು ನನ್ನ ತಿದ್ದುಪಡಿಯನ್ನು ಗುಡಿಸಿ ಹಾಕಿತ್ತು.

ಇದು ಮುಂಚೆಯೂ ಆಗ್ತಿತ್ತು. ಅದಕ್ಕೆ ನನ್ನದೊಂದು ಉಪಾಯ ಇತ್ತು: ತಿದ್ದಿದ ಫೈಲನ್ನು ಬೇರೆ ಕಡೆ ಇಟ್ಕೊಂಡು, ಅಪ್‌ಗ್ರೇಡ್ ಆದ ಮೇಲೆ ಅದನ್ನೇ ತಂದು ಮೇಲೆ ಕಾಪಿ ಮಾಡೋ ಎರಡು ಸಾಲಿನ ಸ್ಕ್ರಿಪ್ಟು. ಈ ಸಲ ಡಿಸ್ಕ್ ಹೊಸದು, ಸ್ಕ್ರಿಪ್ಟು ಹಳೇ ಡಿಸ್ಕಿನಲ್ಲೇ ಉಳಿದಿತ್ತು.

ಸಿಟ್ಟು ಬಂತು. ನನ್ನನ್ನ ಒಂದು ಮಾತು ಕೇಳಬಾರದಿತ್ತೇ? ಯಾಕಂದ್ರೆ ಡೆಬಿಯನ್ ಲಿನಕ್ಸ್ ಬೇರೆ ಕೆಲವು ಫೈಲುಗಳಿಗೆ ಚೆನ್ನಾಗಿಯೇ ಕೇಳುತ್ತೆ. 'ಇಟಿಸಿ' ಫೋಲ್ಡರಿನಲ್ಲಿರೋ ಸೆಟ್ಟಿಂಗ್ ಫೈಲುಗಳನ್ನ ನೀವು ತಿದ್ದಿದ್ದರೆ, ಹೊಸ ಆವೃತ್ತಿ ಹಾಕುವಾಗ ಡಿಪಿಕೆಜಿ ಅನ್ನೋ ತಂತ್ರಾಂಶ ನಿಂತು ಕೇಳುತ್ತೆ: ಇದನ್ನ ನೀವೋ ಯಾವುದೋ ಸ್ಕ್ರಿಪ್ಟೋ ಬದಲಾಯಿಸಿದೆ, ಪ್ಯಾಕೇಜಿನವರೂ ಹೊಸದು ಕಳಿಸಿದ್ದಾರೆ, ಏನು ಮಾಡಲಿ? ವೈ ಒತ್ತಿದರೆ ಅವರದ್ದು, ಎನ್ ಒತ್ತಿದರೆ ನಿಮ್ಮದು, ಡಿ ಒತ್ತಿದರೆ ಎರಡರ ವ್ಯತ್ಯಾಸ ತೋರಿಸುತ್ತೆ. ವೈ ಒತ್ತಿ ಆಮೇಲೆ ಕೈ ಕೈ ಹಿಸುಕಿಕೊಂಡರೂ ನಿಮ್ಮ ಹಳೇ ಫೈಲನ್ನ ಬೇರೆ ಹೆಸರಲ್ಲಿ ಪಕ್ಕದಲ್ಲೇ ಇಟ್ಟಿರುತ್ತೆ, ಪಾಪ. ಆದರೆ ನನ್ನ ಕೀಲಿಮಣೆ ಫೈಲು ಇರೋದು 'ಇಟಿಸಿ'ಯಲ್ಲಿ ಅಲ್ಲ, 'ಯುಎಸ್‌ಆರ್'ನಲ್ಲಿ. ಅದು ಪ್ಯಾಕೇಜಿನವರ ಸ್ವತ್ತು. ಅಲ್ಲಿ ನಾನು ಕೈ ಹಾಕಿದ್ದೇ ತಪ್ಪು.

ಆವತ್ತಿನಿಂದ ಒಂದು ಪ್ರಶ್ನೆ ತಲೇಲಿ ಕೂತಿತು. ನಮ್ಮ ಹತ್ತಿರ ಇರೋ ಪ್ರತಿಗೂ ಅವರು ಪ್ರಕಟಿಸಿದ ಪ್ರತಿಗೂ ತಾಳೆ ನೋಡೋ ಈ ಪದ್ಧತಿ ಎಲ್ಲಿಂದ ಶುರುವಾಯ್ತು? ಹುಡುಕ್ತಾ ಹೋದೆ. ಕೀಲಿಮಣೆಯ ಕಥೆಗಿಂತ ಅದು ಬಹಳ ದೂರ ಹೋಯ್ತು.

ಅಮೆರಿಕದ ನ್ಯೂ ಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಹುಟ್ಟಿದ್ದು ನಿಮಗೆ ಗೊತ್ತು. 1974ರಲ್ಲಿ ಬಂದ ಯೂನಿಕ್ಸಿನ ಐದನೇ ಆವೃತ್ತಿಯ ಜೊತೆ 'ಡಿಫ್' ಅನ್ನೋ ಪುಟ್ಟ ಕಮಾಂಡೂ ಬಂತು. ಬರೆದವರು ಡಗ್ಲಸ್ ಮೆಕ್‌ಇಲ್‌ರಾಯ್. ಎರಡು ಫೈಲು ಕೊಟ್ಟರೆ ಎಲ್ಲೆಲ್ಲಿ ಬೇರೆ ಅಂತ ಹೇಳೋದು ಅದರ ಕೆಲಸ. ಇದರಲ್ಲೇನು ಮಹಾ ಅನ್ನಿಸಬಹುದು. ಒಂದು ಸಾಮಾನಿನ ಚೀಟಿ ತಗೊಳ್ಳಿ: ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ. ಇನ್ನೊಂದು ಚೀಟಿ: ಅಕ್ಕಿ, ಉಪ್ಪು, ಬೇಳೆ, ಬೆಲ್ಲ, ಎಣ್ಣೆ. ಮೊದಲ ಸಾಲಿಗೆ ಮೊದಲ ಸಾಲು, ಎರಡನೇದಕ್ಕೆ ಎರಡನೇದು ಅಂತ ಹೋಲಿಸ್ತಾ ಹೋದ್ರೆ ಅಕ್ಕಿ ಬಿಟ್ಟು ಉಳಿದದ್ದೆಲ್ಲ ಬೇರೆ ಅನ್ನಬೇಕಾಗುತ್ತೆ. ಮನೆಯಲ್ಲಿ ಯಾರನ್ನೇ ಕೇಳಿದರೂ "ಉಪ್ಪು ಒಂದು ಸೇರಿದೆ ಅಷ್ಟೇ" ಅಂತಾರೆ. ಆ "ಅಷ್ಟೇ"ಯನ್ನ ಯಂತ್ರಕ್ಕೆ ಕಲಿಸೋದೇ ಕಷ್ಟ. ಎರಡರಲ್ಲೂ ಅದೇ ಕ್ರಮದಲ್ಲಿ ಬರುವ ಅತಿ ಉದ್ದದ ಸಾಲುಗಳ ಸರಣಿ ಹುಡುಕಬೇಕು, ಉಳಿದದ್ದೇ ವ್ಯತ್ಯಾಸ. ಆ ಕಾಲದ ಕಂಪ್ಯೂಟರಿನ ಚೂರೇ ಚೂರು ಮೆಮೊರಿಯಲ್ಲಿ ಅದನ್ನ ಮಾಡೋಕೆ ಒಂದೊಂದು ಸಾಲನ್ನೂ ಒಂದೊಂದು ಸಂಖ್ಯೆಯಾಗಿ ಕುಗ್ಗಿಸಿ, ಸಂಖ್ಯೆಗಳನ್ನ ಹೋಲಿಸಿದರು. ಜೇಮ್ಸ್ ಹಂಟ್ ಜೊತೆ ಸೇರಿ ಮೆಕ್‌ಇಲ್‌ರಾಯ್ ಈ ವಿಧಾನವನ್ನ 1976ರಲ್ಲಿ ಪ್ರಬಂಧವಾಗಿ ಬರೆದರು.

(ಇಲ್ಲೊಂದು ಅಡ್ಡ ಮಾತು. ಕನ್ನಡ ಎಂ.ಎ. ಮಾಡಿದ ನನ್ನ ಗೆಳೆಯನಿಗೆ ಇದನ್ನ ವಿವರಿಸಿದರೆ "ಓ, ಪಾಠಾಂತರ!" ಅಂದ. ಓಲೆಗರಿ ಪ್ರತಿಗಳನ್ನ ಪಕ್ಕ ಪಕ್ಕ ಇಟ್ಟು, ಯಾವ ಪ್ರತಿಯಲ್ಲಿ ಯಾವ ಪದ ಬೇರೆ ಇದೆ ಅಂತ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕ್ತಾರಲ್ಲ, ಅದು. ಡಿ.ಎಲ್. ನರಸಿಂಹಾಚಾರ್ ಅವರು 'ಕನ್ನಡ ಗ್ರಂಥ ಸಂಪಾದನೆ' ಅಂತ ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಅವನು ಕೇಳಿದ ಇನ್ನೊಂದು ಪ್ರಶ್ನೆಗೆ ಮಾತ್ರ ತಕ್ಷಣ ಉತ್ತರ ಹೊಳೆಯಲಿಲ್ಲ: "ನಿಮ್ಮಲ್ಲಿ ಮೂಲಪ್ರತಿ ಯಾವುದು ಅಂತ ಯಾರು ಹೇಳ್ತಾರೆ?" ಆ ಪ್ರಶ್ನೆಗೆ ಆಮೇಲೆ ಬರ್ತೀನಿ.)

ಡಿಫ್ ವ್ಯತ್ಯಾಸ ತೋರಿಸ್ತು ಸರಿ. ಆದರೆ ನಿಮ್ಮ ವ್ಯತ್ಯಾಸವನ್ನ ಇನ್ನೊಬ್ಬರಿಗೆ ಕಳಿಸೋದು ಹೇಗೆ? ಆಗೆಲ್ಲ ತಂತ್ರಾಂಶದ ಸೋರ್ಸ್ ಕೋಡು ಯೂಸ್‌ನೆಟ್ ಮೂಲಕ ಹರಿದಾಡ್ತಿತ್ತು. ಡಿಫ್ ಕೊಡ್ತಿದ್ದ ಆದೇಶ ಹೀಗಿರ್ತಿತ್ತು: 217ನೇ ಸಾಲು ತೆಗಿ, ಅಲ್ಲಿ ಇದನ್ನ ಹಾಕು. ನೀವು ನಿಮ್ಮ ಪ್ರತಿಯಲ್ಲಿ ಮೇಲೆಲ್ಲೋ ಮೂರು ಸಾಲು ಸೇರಿಸಿಕೊಂಡಿದ್ದರೆ ಮುಗೀತು, ಬೇರೆ ಯಾವುದೋ ಸಾಲಿನ ಕುತ್ತಿಗೆಗೆ ಕತ್ತರಿ. 1985ರ ಮೇ ತಿಂಗಳಲ್ಲಿ ಲ್ಯಾರಿ ವಾಲ್ (ಹೌದು, ಆಮೇಲೆ ಪರ್ಲ್ ಭಾಷೆ ಕೊಟ್ಟ ಅದೇ ಪುಣ್ಯಾತ್ಮ) 'ಪ್ಯಾಚ್' ಅನ್ನೋ ತಂತ್ರಾಂಶ ಹೊರಗೆ ಬಿಟ್ಟರು. ತೇಪೆ! ಸಾಲಿನ ಸಂಖ್ಯೆಯನ್ನಷ್ಟೇ ನಂಬದೆ ತಿದ್ದುಪಡಿಯ ಹಿಂದಿನ ಮುಂದಿನ ಸಾಲುಗಳನ್ನೂ ನೋಡಿ, ಜಾಗ ಸ್ವಲ್ಪ ಸರಿದಿದ್ದರೂ ಹುಡುಕಿ ತೇಪೆ ಹಾಕೋದು ಅದರ ಜಾಣತನ. ಜಾಗ ಸಿಗದಿದ್ದರೆ "ಇದು ಅಂಟಲಿಲ್ಲ" ಅಂತ ಆ ಚೂರನ್ನ ಬೇರೆ ಫೈಲಿನಲ್ಲಿ ಇಟ್ಟು ಹೋಗುತ್ತೆ, ಅಂದಾಜಿನಲ್ಲಿ ಎಲ್ಲೋ ತುರುಕೋದಿಲ್ಲ. ಈಗ ನಾವೆಲ್ಲ ನೋಡೋ ಕೂಡಿಸು ಕಳೆ ಚಿಹ್ನೆಯ 'ಯುನಿಫೈಡ್ ಡಿಫ್' ಬಂದದ್ದು 1990ರ ಸುಮಾರಿಗೆ, ವೇಯ್ನ್ ಡೇವಿಸನ್ ಅವರಿಂದ.

ನನ್ನ ಮಟ್ಟಿಗೆ ಪ್ಯಾಚ್ ಬಂದ ಮೇಲೇ ಈ ಕಥೆಗೆ ನಿಜವಾದ ಜೀವ ಬಂದದ್ದು. ಅಲ್ಲೀವರೆಗೂ ನಿಮ್ಮ ತಿದ್ದುಪಡಿ ಅಂದ್ರೆ ತಿದ್ದಿದ ಇಡೀ ಫೈಲು. ಪ್ಯಾಚ್ ಆದ ಮೇಲೆ ತಿದ್ದುಪಡಿಗೆ ತನ್ನದೇ ಒಂದು ದೇಹ ಬಂತು. ಅದನ್ನ ಅಂಚೆಯಲ್ಲಿ ಕಳಿಸಬಹುದು, ಓದಬಹುದು, ಅದರ ಬಗ್ಗೆ ಜಗಳ ಆಡಬಹುದು, ಹೊಸ ಆವೃತ್ತಿಗೆ ಮತ್ತೆ ಅಂಟಿಸಬಹುದು.

ಇದರ ಒಳ್ಳೇ ಉದಾಹರಣೆ ಅಪಾಚೆ ವೆಬ್ ಸರ್ವರ್. 1994ರ ಹೊತ್ತಿಗೆ ತುಂಬಾ ಜನ ಬಳಸ್ತಿದ್ದ ಎನ್‌ಸಿಎಸ್‌ಎ ಸರ್ವರನ್ನ ಬರೆದ ರಾಬ್ ಮೆಕೂಲ್ ಆ ಸಂಸ್ಥೆ ಬಿಟ್ಟು ಹೋದರು, ಕೆಲಸ ನಿಂತಿತು. ಬಳಸ್ತಿದ್ದವರು ತಮ್ಮ ತಮ್ಮ ಕಡೆ ದೋಷ ಸರಿಮಾಡಿ, ಹೊಸ ಸೌಲಭ್ಯ ಸೇರಿಸಿ ತೇಪೆ ಹಾಕ್ಕೊಂಡು ನಡೆಸ್ತಿದ್ದರು. ಒಬ್ಬೊಬ್ಬರ ಹತ್ತಿರ ಒಂದೊಂದು ಸರ್ವರು, ಯಾವುದೂ ಪ್ರಕಟವಾದದ್ದರ ಹಾಗಿಲ್ಲ. 1995ರ ಫೆಬ್ರವರಿಯಲ್ಲಿ ಎಂಟು ಜನ ಸೇರಿ ಈ ತೇಪೆಗಳನ್ನೆಲ್ಲ ಒಂದು ಕಡೆ ಹಾಕಿದರು, ಏಪ್ರಿಲ್‌ನಲ್ಲಿ ಮೊದಲ ಬಿಡುಗಡೆ. 'ಎ ಪ್ಯಾಚಿ' ಸರ್ವರ್ ಅನ್ನೋ ಶ್ಲೇಷೆ ಆ ಹೆಸರಿಗೆ ಅಂಟಿಕೊಂಡಿದೆ. ಅಮೆರಿಕದ ಮೂಲನಿವಾಸಿ ಅಪಾಚೆ ಜನರ ಮೇಲಿನ ಗೌರವದಿಂದ ಇಟ್ಟ ಹೆಸರು ಅನ್ನೋದೂ ಅವರೇ ಹೇಳಿದ ಮಾತು. ಎರಡೂ ಇರಲಿ ಬಿಡಿ. ಎಲ್ಲರ ಲೋಕಲ್ ತಿದ್ದುಪಡಿಗಳು ಸೇರಿ ಹೊಸ ಮೂಲಪ್ರತಿಯೇ ಆಗಿಬಿಟ್ಟದ್ದು ನನಗೆ ಇಷ್ಟವಾದ ಸಂಗತಿ.

ಇದೇ ಕಾಲಕ್ಕೆ ಲಿನಕ್ಸ್ ಹಂಚಿಕೆಗಳು ಬಂದವು. ಇಯಾನ್ ಮರ್ಡಾಕ್ ಡೆಬಿಯನ್ ಘೋಷಿಸಿದ್ದು 1993ರ ಆಗಸ್ಟ್ 16ರಂದು. ಸಾವಿರಾರು ಜನ ಬರೆದ ತಂತ್ರಾಂಶಗಳನ್ನ ತಂದು, ಒಂದಕ್ಕೊಂದು ಹೊಂದೋ ಹಾಗೆ ಅಲ್ಲಲ್ಲಿ ತಿದ್ದಿ, ಪ್ಯಾಕೇಜು ಕಟ್ಟಿ ಕೊಡೋದು ಇವರ ಕೆಲಸ. ಮೂಲ ಲೇಖಕರನ್ನ 'ಅಪ್‌ಸ್ಟ್ರೀಮ್' ಅಂತಾರೆ, ಅಂದ್ರೆ ನದಿಯ ಮೇಲ್ಭಾಗದವರು. ಮೇಲಿನವರು ಕೆಳಗಿನವರು ಅಂದ ತಕ್ಷಣ ನಮಗೆ ಬೇರೇನೋ ಜಗಳ ನೆನಪಾಗುತ್ತೆ, ಅದು ಇಲ್ಲಿ ಬೇಡ :-) ಡೆಬಿಯನ್‌ನವರು ಮಾಡಿಕೊಂಡ ನಿಯಮ ಸೊಗಸಾಗಿತ್ತು. ಮೂಲದ ಕಟ್ಟನ್ನ ಮುಟ್ಟದೆ ಹಾಗೇ ಇಡೋದು, ತಾವು ಮಾಡಿದ ಬದಲಾವಣೆಯನ್ನೆಲ್ಲ ಪಕ್ಕದಲ್ಲಿ ಒಂದು ಡಿಫ್ ಫೈಲಾಗಿ ಇಡೋದು. ರೆಡ್ ಹ್ಯಾಟ್‌ನವರ ಆರ್‌ಪಿಎಂ ಕೂಡ ಮೂಲವನ್ನ ಕಲಬೆರಕೆ ಮಾಡದೆ ತೇಪೆಗಳನ್ನ ಬೇರೆಯಾಗೇ ಇಡ್ತಿತ್ತು. ಯಾರು ಬೇಕಾದರೂ ತೆಗೆದು ನೋಡಬಹುದು.

ಇನ್ನು ನಮ್ಮ ಕಂಪ್ಯೂಟರಿಗೆ ಬಂದು ಕೂತ ಮೇಲೆ ಫೈಲು ಬದಲಾಗಿದೆಯಾ ಅಂತ ನೋಡೋಕೂ ದಾರಿ ಮಾಡಿದರು. ಆರ್‌ಪಿಎಂಗೆ ಪರೀಕ್ಷಿಸು ಅಂದ್ರೆ ಬದಲಾದ ಫೈಲಿನ ಮುಂದೆ ಒಂದು ಸಾಲು ಚುಕ್ಕಿ ಮತ್ತು ಅಕ್ಷರ ಹಾಕುತ್ತೆ. ಎಸ್ ಇದ್ದರೆ ಗಾತ್ರ ಬೇರೆ, ಟಿ ಇದ್ದರೆ ಸಮಯ ಬೇರೆ, 5 ಇದ್ದರೆ ಒಳಗಿನ ಹೂರಣವೇ ಬೇರೆ (ಎಂಡಿ5 ಅನ್ನೋದರ ಐದು ಅದು). ಡೆಬಿಯನ್‌ನಲ್ಲಿ ಡೆಬ್‌ಸಮ್ಸ್ ಇದೆ. ನಾನು ಒಂದೇ ಒಂದು ಸಲ ಅದನ್ನ ಓಡಿಸಿದ್ದರೂ ನನ್ನ ಕೀಲಿಮಣೆ ಫೈಲು ಅಸಲಿನ ಹಾಗಿಲ್ಲ ಅಂತ ಹೇಳಿರೋದು. ಓಡಿಸಿರಲಿಲ್ಲ.

ಯಾರು ಬೇಕಾದರೂ ತೆಗೆದು ನೋಡಬಹುದು ಅಂದೆನಲ್ಲ, ಈಗ ನನ್ನ ನಿದ್ದೆ ಕೆಡಿಸಿದ ಭಾಗಕ್ಕೆ ಬರ್ತೀನಿ.

ಓಪನ್‌ಎಸ್‌ಎಸ್‌ಎಲ್ ಅಂತ ಒಂದು ಲೈಬ್ರರಿ. ವೆಬ್‌ಸೈಟುಗಳ ಭದ್ರತೆಗೆ, ದೂರದ ಸರ್ವರಿಗೆ ಲಾಗಿನ್ ಆಗೋದಕ್ಕೆ ಬೇಕಾದ ಗುಪ್ತ ಕೀಲಿಗಳನ್ನ ತಯಾರಿಸೋದು ಇಂಥ ಲೈಬ್ರರಿಗಳೇ. ಕೀಲಿ ಗಟ್ಟಿಯಾಗಿರಬೇಕಾದರೆ ಯಾರೂ ಊಹಿಸಲಾಗದ ಸಂಖ್ಯೆ ಬೇಕು. ಅದಕ್ಕಾಗಿ ಸಿಕ್ಕಸಿಕ್ಕ ಕಡೆಯಿಂದೆಲ್ಲ ಯಾದೃಚ್ಛಿಕ ಅಂಶಗಳನ್ನ ತಂದು ಒಂದು ಪಾತ್ರೆಗೆ ಹಾಕಿ ಕಲಸುತ್ತೆ. 2006ರಲ್ಲಿ ಡೆಬಿಯನ್‌ಗೆ ಒಂದು ದೂರು ಬಂತು. ವಾಲ್‌ಗ್ರಿಂಡ್ ಅನ್ನೋ ಪರೀಕ್ಷಾ ಸಾಧನ, ಮೆಮೊರಿಯನ್ನ ತಪ್ಪಾಗಿ ಬಳಸಿದ್ದನ್ನ ಹಿಡಿಯೋ ಪತ್ತೇದಾರ, ಓಪನ್‌ಎಸ್‌ಎಸ್‌ಎಲ್ ಬಳಸೋ ಪ್ರತಿ ಪ್ರೋಗ್ರಾಮಿನಲ್ಲೂ ರಾಶಿ ರಾಶಿ ಎಚ್ಚರಿಕೆ ಕಾರ್ತಾ ಇತ್ತು. ಏನನ್ನೂ ಬರೆಯದ ಖಾಲಿ ಮೆಮೊರಿಯನ್ನ ಓದ್ತಾ ಇದೆ ಅನ್ನೋದು ಅದರ ತಕರಾರು. ಹುಡುಕಿದರೆ ಒಂದೇ ತರಹ ಕಾಣೋ ಸಾಲು ಎರಡು ಕಡೆ ಸಿಕ್ಕಿತು.

ಒಂದು ಕಡೆ ಅದು ನಿಜಕ್ಕೂ ಲೆಕ್ಕಕ್ಕಿಲ್ಲದ ಸಾಲು. ತೆಗೆದರೂ ನಷ್ಟ ಇರಲಿಲ್ಲ. ಇನ್ನೊಂದು ಕಡೆ ಅದೇ ಸಾಲು ಪಾತ್ರೆಗೆ ಸಾಮಾನು ಹಾಕೋ ಸೌಟು. ಡೆಬಿಯನ್‌ನವರು ಎರಡನ್ನೂ ತೆಗೆದರು.

ತೆಗೆಯೋ ಮುಂಚೆ ಕೇಳಲಿಲ್ಲವೇ? ಕೇಳಿದ್ದರು. 2006ರ ಮೇ ತಿಂಗಳಲ್ಲಿ ಓಪನ್‌ಎಸ್‌ಎಸ್‌ಎಲ್‌ನವರ ಅಂಚೆಪಟ್ಟಿಯಲ್ಲೇ ಆ ಎರಡು ಸಾಲುಗಳ ಬಗ್ಗೆ ಪ್ರಶ್ನೆ ಹೋಗಿತ್ತು. ದೋಷ ಹುಡುಕೋಕೆ ಅನುಕೂಲ ಆಗೋದಾದರೆ ತೆಗೆಯೋದಕ್ಕೆ ನನ್ನ ಒಪ್ಪಿಗೆ ಇದೆ ಅನ್ನೋ ಅರ್ಥದ ಉತ್ತರ ಆ ತಂಡದವರೊಬ್ಬರಿಂದಲೇ ಬಂದಿತ್ತು. ಉತ್ತರ ಕೊಟ್ಟವರು ಯಾರೋ ತನ್ನ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡ್ಕೊಳ್ತಾನೆ ಅಂತ ಅಂದುಕೊಂಡಿರಬೇಕು. ಕೇಳಿದವರು ಲಕ್ಷಾಂತರ ಕಂಪ್ಯೂಟರಿಗೆ ಹೋಗೋ ಪ್ಯಾಕೇಜಿಗೇ ಅದನ್ನ ಹಾಕಿದರು. ಆ ತಿದ್ದುಪಡಿ ಹೊತ್ತ ಪ್ಯಾಕೇಜು 2006ರ ಸೆಪ್ಟೆಂಬರ್ 17ರಂದು ಹೊರಬಂತು.

ಆಮೇಲೆ ಪಾತ್ರೆಯಲ್ಲಿ ಉಳಿದದ್ದು ಏನು ಗೊತ್ತಾ? ಓಡ್ತಿರೋ ಪ್ರೋಗ್ರಾಮಿಗೆ ಕಂಪ್ಯೂಟರು ಕೊಡೋ ಕ್ರಮಸಂಖ್ಯೆ ಮಾತ್ರ. ಅದು ಮಾಮೂಲಿಯಾಗಿ 32,767ರ ಒಳಗೇ ಇರುತ್ತೆ. ಅಂದರೆ ಒಂದೊಂದು ಬಗೆಯ, ಒಂದೊಂದು ಗಾತ್ರದ ಕೀಲಿಗೆ ಪ್ರಪಂಚದಲ್ಲಿ ಸಾಧ್ಯ ಇದ್ದದ್ದೇ ಸುಮಾರು 32 ಸಾವಿರ ಕೀಲಿ. ಕೂತು ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಬೀಗಕ್ಕೆ ಹಾಕಿ ನೋಡಬಹುದು. ಅದನ್ನ ಆಮೇಲೆ ಮಾಡಿಯೂ ತೋರಿಸಿದರು. ಡೆಬಿಯನ್ ಆಧಾರಿತ ಉಬುಂಟುವಿಗೂ ಅದೇ ಗತಿ. ಲೂಸಿಯಾನೋ ಬೆಲ್ಲೋ ಅನ್ನೋ ಡೆಬಿಯನ್ ಅಭಿವರ್ಧಕ ಇದನ್ನ ಕಂಡುಹಿಡಿದು, 2008ರ ಮೇ 13ರಂದು ಪ್ರಕಟಣೆ ಹೊರಬಿತ್ತು. ಲೈಬ್ರರಿ ಸರಿಮಾಡಿದರೆ ಸಾಲದು, ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಬೇಕು. ಡೆಬಿಯನ್ ಬಳಸದವರ ಸರ್ವರಿನಲ್ಲೂ, ಡೆಬಿಯನ್‌ನಲ್ಲಿ ಕೀಲಿ ಮಾಡಿಕೊಂಡು ಬಂದ ಯಾರೋ ಒಬ್ಬರಿಗೆ ಬಾಗಿಲು ತೆರೆದಿದ್ದರೆ, ಅಲ್ಲೂ ತೂತೇ.

ಸುಮಾರು 20 ತಿಂಗಳು! ಆ 20 ತಿಂಗಳೂ ಈ ತಿದ್ದುಪಡಿ ಗುಟ್ಟಾಗಿ ಇರಲೇ ಇಲ್ಲ. ಅಸಲಿನ ಪಕ್ಕದಲ್ಲೇ, ಡಿಫ್ ಫೈಲಿನಲ್ಲೇ, ಎಲ್ಲರಿಗೂ ಸಿಗುವ ಹಾಗೆ ಕೂತಿತ್ತು. ನಾನು ಇದನ್ನ ಓದಿ ಸುಮ್ಮನೆ ಗೋಡೆ ನೋಡ್ತಾ ಕೂತಿದ್ದೆ. ತಾಳೆ ನೋಡೋ ಸಾಧನ ಇದ್ದು, ತಾಳೆಪಟ್ಟಿ ಇದ್ದು, ನೋಡಿದವರಿಗೆ ಅದು ಏನು ಹೇಳ್ತಾ ಇದೆ ಅಂತ ಹೊಳೀಲಿಲ್ಲ. ಅಥವಾ ನೋಡಿದವರೇ ಇರಲಿಲ್ಲ.

ಪ್ರಕಟಣೆ ಬಂದ ದಿನವೇ ಓಪನ್‌ಎಸ್‌ಎಸ್‌ಎಲ್ ತಂಡದ ಬೆನ್ ಲಾರಿ ಖಾರವಾಗಿ ಬರೆದರು. ಹಂಚಿಕೆದಾರರು ತಮಗೆ ಸರಿ ಕಂಡ ಹಾಗೆ ತಿದ್ದಿ, ಅದನ್ನ ಮೂಲದವರಿಗೆ ವಾಪಸ್ ಕಳಿಸೋದಿಲ್ಲ, ಕಳಿಸಿದ್ದರೆ ನಾವು ಹಿಡೀತಿದ್ದೆವು ಅನ್ನೋದು ಅವರ ವಾದ. ಕೇಳಿದ್ದೆವಲ್ಲ, ನಿಮ್ಮವರೇ ಹೂಂ ಅಂದರಲ್ಲ ಅಂತ ಇವರ ಕಡೆಯಿಂದ ಉತ್ತರ. ಇಬ್ಬರ ಮಾತಲ್ಲೂ ಹುರುಳಿದೆ, ಆದರೆ ನನಗೆ ಹೆಚ್ಚು ಕಾಡಿದ್ದು ಆ ಹಳೇ ಡಿಫ್ ಫೈಲಿನ ಸ್ವರೂಪ. ಒಂದು ಪ್ಯಾಕೇಜಿಗೆ ಒಂದೇ ಡಿಫ್. ಪ್ಯಾಕೇಜು ಕಟ್ಟೋಕೆ ಬೇಕಾದ ಸ್ಕ್ರಿಪ್ಟು, ದಾಖಲೆ, ಕೋಡಿನ ತಿದ್ದುಪಡಿ, ಎಲ್ಲ ಒಂದೇ ಮೂಟೆ ಆಗಬಹುದಿತ್ತು. ಯಾವ ತಿದ್ದುಪಡಿ ಯಾಕೆ, ಯಾರು ಒಪ್ಪಿದರು, ಮೂಲದವರಿಗೆ ಕಳಿಸಿದೆಯಾ ಅನ್ನೋದು ಆ ಮೂಟೆ ನೋಡಿದರೆ ತಿಳಿಯೋದು ಕಷ್ಟ. ಆಮೇಲೆ ಡೆಬಿಯನ್‌ನವರು ಬೇರೆ ವಿನ್ಯಾಸಕ್ಕೆ ಬಂದರು. ಒಂದೊಂದು ತಿದ್ದುಪಡಿಗೂ ಒಂದೊಂದು ತೇಪೆ ಫೈಲು, ಅದರ ತಲೆಯ ಮೇಲೆ ಏನು, ಎಲ್ಲಿಂದ ಬಂತು, ಮೂಲಕ್ಕೆ ಕಳಿಸಿದೆಯಾ ಅಂತ ಬರೆಯೋ ಪದ್ಧತಿ.

ಈಗ ಗೆಳೆಯನ ಪ್ರಶ್ನೆ. ಮೂಲಪ್ರತಿ ಯಾವುದು?

ನಾವು ಓದೋದು ಸೋರ್ಸ್ ಕೋಡು, ಓಡಿಸೋದು ಅದರಿಂದ ತಯಾರಾದ ಬೈನರಿ. ಎರಡೂ ಒಂದೇ ಅಂತ ಏನು ಗ್ಯಾರಂಟಿ? ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇದನ್ನೇ ಎತ್ತಿ ಜನರ ಹೊಟ್ಟೆಯಲ್ಲಿ ಚಳಿ ಹುಟ್ಟಿಸಿದ್ದರು. ಅದು ಅಚ್ಚಾದದ್ದು 1984ರಲ್ಲಿ. ಕಂಪೈಲರಿನಲ್ಲೇ ಕಳ್ಳ ಕೂತಿದ್ದರೆ ಸೋರ್ಸ್ ಎಷ್ಟು ಓದಿದರೂ ಸಿಗೋದಿಲ್ಲ. ಇದಕ್ಕೆ ಉತ್ತರವಾಗಿ 2013ರಿಂದ ಡೆಬಿಯನ್‌ನಲ್ಲಿ ಒಂದು ದೊಡ್ಡ ಕೆಲಸ ಶುರುವಾಯ್ತು: ಒಂದೇ ಸೋರ್ಸನ್ನ ಯಾರು ಎಲ್ಲಿ ಕಟ್ಟಿದರೂ ಬಿಟ್ಟಿಗೆ ಬಿಟ್ಟು ಅದೇ ಪ್ಯಾಕೇಜು ಬರಬೇಕು ಅಂತ. ಹೇಳೋಕೆ ಸುಲಭ. ಕಟ್ಟಿದ ತಾರೀಖು, ಫೋಲ್ಡರಿನ ಹೆಸರು, ಫೈಲುಗಳ ಅನುಕ್ರಮ, ಹೀಗೆ ಏನೇನೋ ಒಳಗೆ ನುಸುಳಿರುತ್ತೆ. ಅದನ್ನೆಲ್ಲ ಸಾವಿರಾರು ಪ್ಯಾಕೇಜುಗಳಲ್ಲಿ ಒಂದೊಂದಾಗಿ ಹೆಕ್ಕಿ ತೆಗೆಯೋ ಕೆಲಸ. ಹೆಸರು ಬರದ ಕೆಲಸ, ಮಾಡಿದವರಿಗೆ ಒಂದು ನಮಸ್ಕಾರ.

ಆದರೆ ಸೋರ್ಸ್ ಅನ್ನೋದೇ ಎರಡಿದ್ದರೆ? 2018ರಲ್ಲಿ ಜಾವಾಸ್ಕ್ರಿಪ್ಟ್ ಲೋಕದಲ್ಲಿ ಇದೇ ಆಯ್ತು. ಈವೆಂಟ್-ಸ್ಟ್ರೀಮ್ ಅನ್ನೋ ಜನಪ್ರಿಯ ಪ್ಯಾಕೇಜಿನ ಜವಾಬ್ದಾರಿ ಹೊಸಬರೊಬ್ಬರ ಕೈಗೆ ಹೋಯ್ತು, ಅವರು ಅದಕ್ಕೆ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಅನ್ನೋ ಇನ್ನೊಂದು ಪ್ಯಾಕೇಜನ್ನ ಜೋಡಿಸಿದರು. ಗಿಟ್‌ಹಬ್‌ನಲ್ಲಿ ಅದರ ಕೋಡು ಸಾಧುವಾಗಿತ್ತು. ಎನ್‌ಪಿಎಂನಲ್ಲಿ ಪ್ರಕಟವಾದ ಪ್ಯಾಕೇಜಿನ ಒತ್ತಿ ಕುಗ್ಗಿಸಿದ ಫೈಲಿನಲ್ಲಿ ಮಾತ್ರ ಬಿಟ್‌ಕಾಯಿನ್ ವಾಲೆಟ್ಟಿಗೆ ಕನ್ನ ಹಾಕೋ ಕೋಡು ಇತ್ತು. ಓದೋರು ಓದಿದ್ದು ಒಂದು, ಎಲ್ಲರ ಕಂಪ್ಯೂಟರಿಗೆ ಇಳಿದದ್ದು ಇನ್ನೊಂದು.

2024ರ ಎಕ್ಸ್‌ಜೆಡ್ ಪ್ರಕರಣ ಇದರ ಅಣ್ಣ. ಫೈಲು ಕುಗ್ಗಿಸೋ ಈ ಪುಟ್ಟ ತಂತ್ರಾಂಶವನ್ನ ಲಾಸ್ಸೆ ಕಾಲಿನ್ ಅನ್ನೋರು ಹೆಚ್ಚು ಕಮ್ಮಿ ಒಬ್ಬರೇ ನೋಡ್ಕೊಳ್ತಿದ್ದರು. 'ಜಿಯಾ ಟಾನ್' ಅನ್ನೋ ಹೆಸರಿನಲ್ಲಿ ಯಾರೋ ಒಬ್ಬರು (ಅಥವಾ ಕೆಲವರು) ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೊಳ್ಳೇ ತೇಪೆ ಕಳಿಸಿ, ನಂಬಿಕೆ ಗಳಿಸಿ, ಬಿಡುಗಡೆ ಮಾಡೋ ಅಧಿಕಾರವನ್ನೂ ಪಡೆದರು. 2024ರ ಫೆಬ್ರವರಿ 24ರಂದು 5.6.0, ಮಾರ್ಚ್ 9ರಂದು 5.6.1 ಬಿಡುಗಡೆ ಆಯ್ತು. ಎರಡರಲ್ಲೂ ಹಿಂಬಾಗಿಲು.

ಅದನ್ನ ಬಚ್ಚಿಟ್ಟ ರೀತಿ ನೋಡಿ. ಕಳ್ಳಕೋಡು ಇದ್ದದ್ದು ಪರೀಕ್ಷೆಗೆ ಅಂತ ಇಟ್ಟ ಎರಡು ಬೈನರಿ ಫೈಲುಗಳಲ್ಲಿ. ಅವು ಎಲ್ಲರೂ ನೋಡೋ ಗಿಟ್ ಭಂಡಾರದಲ್ಲೇ ಇದ್ದವು. ಬೈನರಿ ಫೈಲಿಗೆ ಡಿಫ್ ಏನು ಹೇಳುತ್ತೆ ಗೊತ್ತಲ್ಲ, "ಬೈನರಿ ಫೈಲುಗಳು ಬೇರೆ ಬೇರೆ" ಅಂತ ಒಂದು ಸಾಲು, ಅಷ್ಟೇ. ಆ ಕೋಡನ್ನ ಹೊರತೆಗೆದು ಸೇರಿಸೋ ಕೊಂಡಿ ಇದ್ದದ್ದು ಇನ್ನೊಂದು ಫೈಲಿನಲ್ಲಿ. ಅದು ಗಿಟ್‌ನಲ್ಲಿ ಇಲ್ಲ! ಬಿಡುಗಡೆಯ ಕಟ್ಟಿನಲ್ಲಿ ಮಾತ್ರ. ಯಾರಾದರೂ ಎರಡನ್ನ ತಾಳೆ ನೋಡಿದ್ದರೂ ಅನುಮಾನ ಬರೋದು ಕಷ್ಟ, ಯಾಕಂದ್ರೆ ಇಂಥ ಬಿಡುಗಡೆಗಳಲ್ಲಿ ಯಂತ್ರ ತಯಾರಿಸಿದ ಹತ್ತಾರು ಫೈಲುಗಳು ಗಿಟ್‌ನಲ್ಲಿ ಇಲ್ಲದೇ ಇರೋದು ದಶಕಗಳ ವಾಡಿಕೆ. ಆ ಗದ್ದಲದಲ್ಲಿ ಒಂದು ಫೈಲು ಹೆಚ್ಚು. ಇದರ ಜೊತೆ ಇನ್ನೊಂದು ಕಿತಾಪತಿ: ಒಂದು ಭದ್ರತಾ ಸೌಲಭ್ಯ ಕಂಪ್ಯೂಟರಿನಲ್ಲಿದೆಯಾ ಅಂತ ಪರೀಕ್ಷಿಸೋ ಕೋಡಿನ ನಡುವೆ ಒಂದೇ ಒಂದು ಚುಕ್ಕಿ. ಆ ಚುಕ್ಕಿಯಿಂದ ಪರೀಕ್ಷೆ ಯಾವಾಗಲೂ ಫೇಲು, ಸೌಲಭ್ಯ ಯಾವಾಗಲೂ ಬಂದ್. ಕಾಣದ ಅಕ್ಷರಕ್ಕಾಗಿ ಒದ್ದಾಡ್ತಿದ್ದ ನನಗೆ ಈ ಚುಕ್ಕಿ ಕಂಡು ಮೈ ಜುಂ ಅಂತು.

ಗುರಿ ಇದ್ದದ್ದು ದೂರದಿಂದ ಲಾಗಿನ್ ಆಗೋ ಎಸ್‌ಎಸ್‌ಎಚ್ ಮೇಲೆ. ತಮಾಷೆ ಏನಂದ್ರೆ ಓಪನ್‌ಎಸ್‌ಎಸ್‌ಎಚ್‌ನವರ ಮೂಲಪ್ರತಿಗೂ ಎಕ್ಸ್‌ಜೆಡ್‌ಗೂ ಸಂಬಂಧವೇ ಇಲ್ಲ. ಡೆಬಿಯನ್, ಫೆಡೋರಾದಂಥ ಹಂಚಿಕೆಗಳು ಸಿಸ್ಟಮ್‌ಡಿ ಜೊತೆ ಹೊಂದಲಿ ಅಂತ ತಮ್ಮ ಕಡೆಯಿಂದ ಹಾಕಿದ ತೇಪೆಯ ಮೂಲಕ ಆ ಲೈಬ್ರರಿ ಒಳಗೆ ಬರ್ತಿತ್ತು. ಮತ್ತೆ ಅದೇ ಲೋಕಲ್ ತಿದ್ದುಪಡಿ! ತನ್ನಷ್ಟಕ್ಕೆ ನಿರುಪದ್ರವಿ ತೇಪೆ, ಅದೇ ಬಾಗಿಲಾಯ್ತು.

ಹಿಡಿದವರು ಆಂಡ್ರೆಸ್ ಫ್ರೊಯಿಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಅಭಿವರ್ಧಕ. ಲಾಗಿನ್ ಅರ್ಧ ಸೆಕೆಂಡು ತಡ ಆಗ್ತಿದೆ, ಸಿಪಿಯು ಸುಮ್ಮಸುಮ್ಮನೆ ತಿಂತಿದೆ ಅನ್ನೋದು ಅವರ ಗಮನಕ್ಕೆ ಬಂತು. ಆಗ ಅವರಿಗೆ ಇನ್ನೊಂದು ನೆನಪಾಯ್ತು, ಕೆಲವು ವಾರಗಳ ಹಿಂದೆ ಪರೀಕ್ಷೆಗಳಲ್ಲಿ ಕಂಡಿದ್ದ ವಿಚಿತ್ರ ಎಚ್ಚರಿಕೆಗಳು. ಯಾವ ಸಾಧನದ್ದು ಹೇಳಿ ನೋಡೋಣ? ವಾಲ್‌ಗ್ರಿಂಡ್! 2006ರಲ್ಲಿ ಬಾಯಿ ಮುಚ್ಚಿಸೋಕೆ ಹೋಗಿ ಅನಾಹುತ ಆಯ್ತಲ್ಲ, ಅದೇ ವಾಲ್‌ಗ್ರಿಂಡ್. ಎಕ್ಸ್‌ಜೆಡ್‌ನ ಕಳ್ಳರೂ ಎರಡನೇ ಬಿಡುಗಡೆಯಲ್ಲಿ ಅದರ ಬಾಯಿ ಮುಚ್ಚಿಸೋಕೆ ನೋಡಿದ್ದರು. ಫ್ರೊಯಿಂಡ್ ಬಿಡಲಿಲ್ಲ, ಅಗೆದರು. ಬಿಡುಗಡೆಯ ಕಟ್ಟು ಬೇರೆ, ಗಿಟ್ ಬೇರೆ ಅನ್ನೋದು ಕಂಡಿತು. 2024ರ ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದಿನ್ನೂ ತಲುಪಿರಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನ್ನ ಕೀಲಿಮಣೆ ಕಡೆ ಬಂದೆ. ಹಳೇ ಡಿಸ್ಕ್ ಹುಡುಕಿ ನನ್ನ ತಿದ್ದಿದ ಫೈಲು ತೆಗೆದು ಈಗಿನ ಅಸಲಿನ ಜೊತೆ ಡಿಫ್ ಓಡಿಸಿದೆ. ಪರದೆ ತುಂಬಿ ಹರೀತು. ನಾನು ಸೇರಿಸಿದ್ದು ಒಂದು ಅಕ್ಷರ ಅಲ್ವಾ, ಇದೇನಿದು? ಇದು ನನ್ನ ತಿದ್ದುಪಡಿ ಅಲ್ಲ, 2010ರಿಂದ ಇಲ್ಲೀವರೆಗೆ ಅವರು ಮಾಡಿದ ತಿದ್ದುಪಡಿ. ಬೇರೆ ಬೇರೆ ಭಾಷೆಗಳಿಗೆ ಹೊಸ ವಿನ್ಯಾಸಗಳು, ಸರಿಮಾಡಿದ ತಪ್ಪುಗಳು. ಪ್ರತಿ ಅಪ್‌ಗ್ರೇಡಿನಲ್ಲೂ ಅವು ನನ್ನ ಕಂಪ್ಯೂಟರಿಗೆ ಬರ್ತಿದ್ದವು, ನನ್ನ ಎರಡು ಸಾಲಿನ ಸ್ಕ್ರಿಪ್ಟು ಒಂದು ಮಾತೂ ಕೇಳದೆ ಎಲ್ಲವನ್ನೂ ಅಳಿಸಿ 2010ಕ್ಕೆ ವಾಪಸ್ ಒಯ್ಯುತ್ತಿತ್ತು. ನನ್ನನ್ನ ಕೇಳಲಿಲ್ಲ ಅಂತ ಸಿಟ್ಟು ಮಾಡ್ಕೊಂಡಿದ್ದೆನಲ್ಲ... ಸರಿ ಬಿಡಿ.

ನನ್ನದು ಎಷ್ಟು ಅಂತ ತಿಳೀಬೇಕಾದರೆ ನಾನು ಆವತ್ತು ತಿದ್ದೋಕೆ ಮುಂಚೆ ಇದ್ದ ಅಸಲು ಬೇಕು. ಡೆಬಿಯನ್‌ನವರು ಹಳೇ ಪ್ಯಾಕೇಜುಗಳನ್ನೆಲ್ಲ ತಾರೀಖಿನ ಪ್ರಕಾರ ಕೂಡಿಟ್ಟ ಒಂದು ಸಂಗ್ರಹ ಇದೆ. ಅಲ್ಲಿಂದ 2010ರ ಪ್ಯಾಕೇಜು ಇಳಿಸಿ ಅದರ ಜೊತೆ ತಾಳೆ ನೋಡಿದೆ. ಎರಡು ವ್ಯತ್ಯಾಸ ಬಂತು. ಎರಡು! ಒಂದು ಗೊತ್ತು, ಇನ್ನೊಂದು ಯಾವುದು? ನೋಡಿದರೆ ರೂಪಾಯಿ ಚಿಹ್ನೆ. 2010ರಲ್ಲಿ ಹೊಸ ಚಿಹ್ನೆ ಬಂದಾಗ ಸಂಭ್ರಮದಲ್ಲಿ ಹಾಕ್ಕೊಂಡಿದ್ದೆ, ಪೂರ್ತಿ ಮರೆತುಹೋಗಿತ್ತು. ಅಸಲಿನವರು ಎಷ್ಟೋ ವರ್ಷದ ಹಿಂದೆಯೇ ಅದನ್ನ ನಾಲ್ಕರ ಕೀಲಿಯಲ್ಲಿ ಕೊಟ್ಟಿದ್ದಾರೆ. ನಾನೇ ಅಳಿಸ್ತಾ ಇದ್ದೆ :-)

ಅದನ್ನ ತೆಗೆದುಹಾಕಿದೆ. ಉಳಿದ ಒಂದು ಸಾಲಿನ ತೇಪೆಯನ್ನ ಬೇರೆ ಫೈಲಾಗಿ ಉಳಿಸಿ, ಅದರ ತಲೆಯ ಮೇಲೆ ಯಾಕೆ, ಯಾವಾಗ ಅಂತ ಕನ್ನಡದಲ್ಲೇ ಬರೆದಿಟ್ಟೆ. ಹೊಸ ಅಸಲಿಗೆ ಪ್ಯಾಚ್ ಓಡಿಸಿದರೆ, ಜಾಗ ಎಷ್ಟೋ ಸಾಲು ಕೆಳಗೆ ಸರಿದಿತ್ತು, ಹುಡುಕಿ ಅಂಟಿಸಿದೆ ಅಂತ ಒಂದು ಸಾಲು ಹೇಳಿ ಸುಮ್ಮನಾಯ್ತು. ಮೇಲಿನ ಓಪನ್‌ಎಸ್‌ಎಸ್‌ಎಲ್‌ಗಳನ್ನೆಲ್ಲ ಆ ಕೀಲಿಯಿಂದಲೇ ಕುಟ್ಟಿದ್ದು.